ಪಾರ್ಶ್ವವಾಯುವೂ ಪರೀಕ್ಷಿತವಾದ ಚಿಕಿತ್ಸೆಯೂ



ಉತ್ಸವದ ಈ ಶುಭಸಮಯದಲ್ಲಿ ರೋಗದ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಶಿರಾಡಿ ಘಾಟಿಯ ನೆತ್ತಿಯಲ್ಲಿರುವ ಹೆಗ್ಗದ್ದೆಯಂತಹ ಊರಿನಲ್ಲಿ ಆಸ್ಪತ್ರೆ ದೂರ, ಮಳೆ ಹತ್ತಿರ. ಆದುದರಿಂದ ಇಂತಹ ಮಾತನ್ನು ನಾಲ್ಕು ಜನ ಕೂಡಿದಾಗಲೇ ಆಡತಕ್ಕದ್ದೆಂದು ಬಗೆದು, ಪಾರ್ಶ್ವವಾಯುವಿನ ತುರ್ತು ಚಿಕಿತ್ಸೆಯನ್ನೂ, ಅದು ಸರಿಯೆಂದು ಲೋಕವು ಕಂಡುಕೊಂಡ ಬಗೆಯನ್ನೂ ಕುರಿತು ಅರಿಕೆ ಮಾಡಿಕೊಳ್ಳುತ್ತೇನೆ.

ಬೆಳಗಿನ ಜಾವ ತೋಟಕ್ಕೆ ಹೊರಟ ಯಜಮಾನನ ಬಾಯಿ ಓರೆಯಾಯಿತು, ಒಂದು ಕೈ ಸೋತಿತು, ಮಾತು ತೊದಲಿತು ಎಂದೆಣಿಸಿರಿ. ಮನೆಯವರು ಎಣ್ಣೆ ತಿಕ್ಕುವರು, ಬಾಯಿಗೆ ನೀರು ಹಾಕುವರು, ಸಂಜೆಯವರೆಗೆ ನೋಡೋಣವೆನ್ನುವರು. ಮೂರನ್ನೂ ಪ್ರೀತಿಯಿಂದಲೇ ಮಾಡುವರು. ಆದರೆ ಮೂರರಿಂದಲೂ ಕೇಡೇ ಆಗುವುದು. ಎಣ್ಣೆಯ ಉಪಚಾರದಲ್ಲಿ ಹೊತ್ತು ಕಳೆಯುವುದು. ನುಂಗಲಾರದವನ ನೀರು ಶ್ವಾಸಕೋಶಕ್ಕೆ ಇಳಿಯುವುದು. ಕಾದಷ್ಟೂ ಮೆದುಳು ಸಾಯುವುದು. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು ೧೯ ಲಕ್ಷ ನರಕೋಶಗಳು ನಾಶವಾಗುವುವೆಂದು ೨೦೦೬ರಲ್ಲಿ ಲೆಕ್ಕ ಹಾಕಿದ್ದಾರೆ.

ಹಾಗಾದರೆ ಹತ್ತಿರದ ಆಸ್ಪತ್ರೆಯಲ್ಲಿಯೇ ಒಂದು ಸೂಜಿಮದ್ದು ಕೊಡಬಾರದೇಕೆ ಎಂದು ಕೇಳಬಹುದು. ಹೃದಯಾಘಾತಕ್ಕೆ ಹಾಗೆಯೇ ಕೊಡುತ್ತಾರೆ. ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಯಿತು. ಆದರೆ ಮೆದುಳಿನ ಸಂಗತಿ ಬೇರೆ. ರಕ್ತನಾಳ ಕಟ್ಟಿಕೊಂಡರೂ ಪಾರ್ಶ್ವವಾಯುವೇ, ಒಡೆದು ರಕ್ತ ಸುರಿದರೂ ಪಾರ್ಶ್ವವಾಯುವೇ. ಹೊರಗಿನ ಲಕ್ಷಣ ಎರಡಕ್ಕೂ ಒಂದೇ. ಮೊದಲನೆಯದಕ್ಕೆ ಅಮೃತವಾದ ಮದ್ದು ಎರಡನೆಯದಕ್ಕೆ ವಿಷ. ಸಿ.ಟಿ. ಯಂತ್ರದಿಂದ ತಲೆಯ ಚಿತ್ರ ತೆಗೆಯದೆ ಯಾವ ನಿಪುಣನೂ ಇದನ್ನು ಖಂಡಿತವಾಗಿ ಹೇಳಲಾರನು.

ಕಟ್ಟಿಕೊಂಡ ನಾಳಕ್ಕೂ ಹೆಪ್ಪು ಕರಗಿಸುವ ಮದ್ದುಗಳೆಲ್ಲ ಹಿತವಲ್ಲ. ೧೯೯೦ರ ದಶಕದಲ್ಲಿ ಸ್ಟ್ರೆಪ್ಟೋಕೈನೇಸ್ ಎಂಬ ಮದ್ದನ್ನು ಪಾರ್ಶ್ವವಾಯುವಿಗೆ ಪರೀಕ್ಷಿಸಿದರು. ಯುಕ್ತಿಗೆ ಅದು ಸರಿಯಾಗಿಯೇ ತೋರಿತ್ತು. ಆದರೆ ಸಾವುಗಳು ಹೆಚ್ಚಿದುದರಿಂದ ಪರೀಕ್ಷೆಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ೧೯೯೫ರಲ್ಲಿ ಅಮೆರಿಕದಲ್ಲಿ ೬೨೪ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದಕ್ಕೆ ಆಲ್ಟೆಪ್ಲೇಸ್ ಎಂಬ ಬೇರೊಂದು ಮದ್ದನ್ನೂ, ಇನ್ನೊಂದಕ್ಕೆ ಅದರಂತೆಯೇ ತೋರುವ ಬರಿಯ ದ್ರವವನ್ನೂ ಕೊಟ್ಟು ನೋಡಿದರು. ಮೂರು ಗಂಟೆಯೊಳಗೆ ಮದ್ದು ಪಡೆದವರಲ್ಲಿ, ಮೂರು ತಿಂಗಳ ತರುವಾಯ ಊನವಿಲ್ಲದೆ ಅಥವಾ ಅಲ್ಪ ಊನದಿಂದ ಉಳಿದವರು ಹೆಚ್ಚು. ಆದರೆ ಮೆದುಳಿನಲ್ಲಿ ರಕ್ತ ಸುರಿದು ಕೆಟ್ಟವರೂ ನೂರಕ್ಕೆ ೬.೪, ಬರಿಯ ದ್ರವ ಪಡೆದವರಲ್ಲಿ ೦.೬. ಲಾಭವನ್ನೂ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಲೋಕದ ಮುಂದಿಟ್ಟದ್ದೇ ಇದರ ಹಿರಿಮೆ. ೨೦೦೮ರ ಪರೀಕ್ಷೆಯಿಂದ ಮದ್ದಿನ ಅವಧಿ ನಾಲ್ಕೂವರೆ ಗಂಟೆಗೆ ಬೆಳೆಯಿತು. ೨೦೧೫ರಲ್ಲಿ ಹೆಪ್ಪನ್ನು ನಾಳದೊಳಗಿಂದಲೇ ಹಿಡಿದೆಳೆಯುವ ಕ್ರಮವೂ, ೨೦೧೮ರಲ್ಲಿ ಆಯ್ದ ಕೆಲವರಿಗೆ ಅದು ೨೪ ಗಂಟೆಯವರೆಗೂ ಪ್ರಯೋಜನಕರವೆಂಬುದೂ ಸಿದ್ಧವಾದುವು.

ಶೋಧನೆಯೆಲ್ಲ ದುಬಾರಿ ಯಂತ್ರಗಳದ್ದೆಂದು ತಿಳಿಯಬಾರದು. ೨೦೧೧ರಲ್ಲಿ ಆಸ್ಟ್ರೇಲಿಯದಲ್ಲಿ ಜ್ವರ, ಸಕ್ಕರೆ, ನುಂಗುವಿಕೆ ಈ ಮೂರನ್ನು ದಾದಿಯರು ಕ್ರಮವಾಗಿ ನೋಡಿಕೊಂಡುದರಿಂದಲೇ ಸಾವೂ ಪರಾಧೀನತೆಯೂ ನೂರಕ್ಕೆ ೫೮ರಿಂದ ೪೨ಕ್ಕೆ ಇಳಿದುವು. ನಮ್ಮ ದೇಶದಲ್ಲಿಯೂ ೧೪ ಆಸ್ಪತ್ರೆಗಳಲ್ಲಿ ೧,೨೫೦ ರೋಗಿಗಳ ನೆರವಿನಿಂದ, ಮನೆಯವರಿಗೇ ಅಂಗಸಾಧನೆಯನ್ನು ಕಲಿಸಿಕೊಟ್ಟರೆ ಗುಣವಾಗುವುದೇ ಎಂದು ನೋಡಿದರು. ೨೦೧೭ರಲ್ಲಿ ಪ್ರಕಟವಾದ ಫಲವು ಎರಡು ಪಂಗಡಗಳಲ್ಲಿಯೂ ಒಂದೇ ಆಗಿತ್ತು. ತಾವು ನೆಚ್ಚಿದ ಉಪಾಯ ಫಲಿಸಲಿಲ್ಲವೆಂದು ಅವರು ಬಹಿರಂಗವಾಗಿ ಹೇಳಿದರು. ಅದೂ ಜ್ಞಾನವೇ, ಬಡವನ ಹಣವೂ ಶ್ರಮವೂ ವ್ಯರ್ಥವಾಗದಂತೆ ಕಾಯುವ ಜ್ಞಾನ.

ಇನ್ನು ಮುಖ್ಯವಾದ ಮಾತು. ಯಜಮಾನನಿಗೆ ಮಾತು ನಿಂತಿರುವಾಗ ವೈದ್ಯರು ಮಗನ ಮುಂದೆ ಕಾಗದವನ್ನಿಟ್ಟು, "ಇದೊಂದು ಪರೀಕ್ಷೆ, ತಾವು ಒಪ್ಪುವಿರಾ?" ಎಂದು ಕೇಳಬಹುದು. "ನಮ್ಮ ತಂದೆಯ ಮೇಲೆ ಪ್ರಯೋಗವೇ?" ಎಂದು ಆ ಮಗನ ಎದೆ ನಡುಗುವುದು ಸಹಜ. ಅವನನ್ನು ಹಳಿಯಲಾಗದು, ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕೆಂದೂ ನಾನು ಹೇಳುವವನಲ್ಲ. ಕೇಳುವುದು ಅವನ ಹಕ್ಕು. ಇದನ್ನು ನೀತಿಸಮಿತಿ ಒಪ್ಪಿದೆಯೇ? ೨೦೦೭ರಲ್ಲಿ ಆರಂಭವಾದ ಭಾರತದ ಚಿಕಿತ್ಸಾ ಪರೀಕ್ಷೆಗಳ ದಾಖಲೆಯಲ್ಲಿ ಇದರ ಹೆಸರಿದೆಯೇ? ಒಪ್ಪದಿದ್ದರೂ ರೂಢಿಯ ಚಿಕಿತ್ಸೆ ದೊರೆಯುವುದೇ? ನಡುವೆ ಬಿಡಬಹುದೇ? ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ನೇರವಾದ ಉತ್ತರ ಬರಬೇಕು. ಹೊಸ ಮದ್ದುಗಳ ಪರೀಕ್ಷೆಯಿಂದಲೇ ಕೇಡಾದರೆ ಉಚಿತವಾಗಿ ಚಿಕಿತ್ಸೆ ಕೊಡತಕ್ಕದ್ದೆಂದು ೨೦೧೯ರ ನಿಯಮಗಳು ವಿಧಿಸಿವೆ. ಉತ್ತರ ತೃಪ್ತಿಕರವಾದರೆ ಒಪ್ಪಿಕೊಳ್ಳುವುದು ಪರೋಪಕಾರ. ತೃಪ್ತಿಯಾಗದಿದ್ದರೆ ಒಲ್ಲೆನೆನ್ನುವುದು ತಪ್ಪಲ್ಲ. ಇಂದು ನಾವು ಪಡೆಯುವ ಮದ್ದು, ಎಂದೋ ಯಾರದೋ ಮಗನು ಹೀಗೆಯೇ ನಡುಗುತ್ತ ಒಪ್ಪಿದುದರ ಫಲವೆಂಬುದನ್ನು ಮಾತ್ರ ಮರೆಯದಿರೋಣ.

ಕಡೆಯದಾಗಿ ಮೂರು ಬಿನ್ನಹಗಳು. ಮೊದಲನೆಯದು: ಲಕ್ಷಣ ಕಂಡೊಡನೆ ೧೦೮ಕ್ಕೆ ಕರೆ ಮಾಡಿ, ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ಒಯ್ಯುವಂತೆ ಕೇಳಿರಿ. ಗುಡ್ಡ ಕುಸಿದು ೨೦೧೮ರಲ್ಲಿಯೂ ೨೦೨೪ರಲ್ಲಿಯೂ ಶಿರಾಡಿಯ ಹಾದಿ ಮುಚ್ಚಿದುದನ್ನು ಬಲ್ಲಿರಿ. ಮಳೆಗಾಲಕ್ಕೆ ಮುನ್ನವೇ ದಾರಿಯನ್ನು ನಿಶ್ಚಯಿಸಿಕೊಂಡಿರಬೇಕು. ಎರಡನೆಯದು: ರೋಗಿಯು ಕಡೆಯ ಬಾರಿ ಚೆನ್ನಾಗಿದ್ದ ಗಂಟೆಯನ್ನು ಬರೆದಿಟ್ಟುಕೊಳ್ಳಿರಿ, ವೈದ್ಯರು ಎಣಿಸುವುದು ಅಲ್ಲಿಂದಲೇ. ಮೂರನೆಯದು: ರಕ್ತದೊತ್ತಡವನ್ನು ಅಳೆಯಿಸಿಕೊಳ್ಳಿರಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರರೂ ಸೇರಿ ೨೨ ದೇಶಗಳಲ್ಲಿ ನಡೆಸಿದ, ೨೦೧೦ರಲ್ಲಿ ಪ್ರಕಟವಾದ ಶೋಧನೆಯಂತೆ, ಪಾರ್ಶ್ವವಾಯುವಿನ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲು ಹತ್ತೇ ಕಾರಣಗಳಿಗೆ ಸೇರಿದುದು. ಅವುಗಳಲ್ಲಿ ಹಿರಿದು ರಕ್ತದೊತ್ತಡ.

ತಾಳ್ಮೆ ಸದ್ಗುಣವೇ ಸರಿ. ಆದರೆ ಈ ರೋಗವೊಂದರಲ್ಲಿ ಮಾತ್ರ ಆತುರವೇ ಧರ್ಮವೆಂದು ತಿಳಿಸಿ, ತಮ್ಮೆಲ್ಲರಿಗೂ ಆಯುರಾರೋಗ್ಯಗಳನ್ನು ಕೋರಿ ವಿರಮಿಸುತ್ತೇನೆ.