ಮಂಗಳದ ಹೊಳೆಗಲ್ಲು



ಶಿರೂರಿನ ಆಚೆ ನಿಘೋಜಿನಲ್ಲಿ ಕುಕಡಿ ನದಿಯು ಕರಿಕಲ್ಲಿನಲ್ಲಿ ಕೊರೆದ ಗುಂಡಿಗಳನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಸುಳಿಗೆ ಸಿಕ್ಕ ಉರುಟುಕಲ್ಲುಗಳೇ ಅಲ್ಲಿ ಉಳಿಯ ಕೆಲಸ ಮಾಡಿವೆ. ನದಿ ಬತ್ತಿದರೂ ಅದರ ರುಜು ಕಲ್ಲಿನ ಮೇಲೆ ಉಳಿಯುತ್ತದೆ. ಬ್ಯಾಂಕಿನ ಗುಮಾಸ್ತನಿಗೆ ರುಜುವಿದ್ದರೆ ಸಾಕಲ್ಲವೆ!

ಮಂಗಳ ಗ್ರಹದಲ್ಲಿಯೂ ಅಂತಹ ರುಜು ದೊರೆತಿದೆ. 2012ರಲ್ಲಿ ಅಮೆರಿಕದ ಕ್ಯೂರಿಯಾಸಿಟಿ ಯಂತ್ರವು ಗೇಲ್ ಎಂಬ ಮಹಾಕುಳಿಯಲ್ಲಿ ನುಣುಪಾದ ಹರಳುಗಳು ಬೆಸೆದುಕೊಂಡ ಬಂಡೆಯನ್ನು ಕಂಡಿತು. ಅಷ್ಟು ದಪ್ಪ ಹರಳನ್ನು ಗಾಳಿ ಹೊರಲಾರದು. ಕಣಕಾಲಿನಿಂದ ಸೊಂಟದವರೆಗಿನ ಆಳದ ಹೊಳೆಯೇ ಉರುಳಿಸಿ ತಂದಿತೆಂದು ವಿಜ್ಞಾನಿಗಳು ನಿರ್ಣಯಿಸಿದರು. ಅದು ಹರಿದು 300 ಕೋಟಿ ವರ್ಷಗಳ ಮೇಲಾಯಿತು.

ಕುಕಡಿಯ ನೀರು ಭೀಮೆಯ ಪಾಲಾಗಿ ನಮ್ಮ ಕಲಬುರ್ಗಿ ಸೀಮೆಗೆ ಇಳಿಯುತ್ತದೆ. ಮಂಗಳದ ಆ ನೀರಿಗೆ ಅಂತಹ ಕೆಳನಾಡು ಇರಲಿಲ್ಲ. ಕುಳಿಯ ಸರೋವರದಲ್ಲೇ ಅದರ ಕೆಸರು ಪದರಪದರವಾಗಿ ನಿಂತಿತು. ಗ್ರಹದ ವಾಯುಮಂಡಲ ತೆಳುವಾದಂತೆ ನೀರಿನ ಒಂದಂಶ ಆಕಾಶಕ್ಕೆ ಸೋರಿಹೋಯಿತು. ಉಳಿದದ್ದು ಮಂಜುಗಡ್ಡೆಯಾಗಿಯೂ ಕಲ್ಲಿನೊಳಗೂ ಅಡಗಿದೆ.