ಹಾರ್ಮೋನು ಇದ್ದೂ ಬೆಳೆಯದ ಮಕ್ಕಳು



1958ರಲ್ಲಿ ಇಸ್ರೇಲಿನ ಮಕ್ಕಳ ವೈದ್ಯ ಜ್ವಿ ಲಾರಾನ್ ಅವರ ಬಳಿಗೆ ಯೆಮೆನ್ ಮೂಲದ ಯಹೂದಿ ಕುಟುಂಬವೊಂದರ ಮೂವರು ಮಕ್ಕಳು ಬಂದರು. ಒಡಹುಟ್ಟಿದವರು. ಮುಂದಕ್ಕೆ ಉಬ್ಬಿದ ಹಣೆ, ತಗ್ಗಾದ ಮೂಗಿನ ಬುಡ, ಪುಟ್ಟ ಕೈಕಾಲು. ವಯಸ್ಸಿಗೆ ತಕ್ಕ ಎತ್ತರವೇ ಇಲ್ಲ. ಯಾವ ವೈದ್ಯರು ನೋಡಿದರೂ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗಿದೆ ಎನ್ನುವಂಥ ಲಕ್ಷಣಗಳು.

ಆ ಹಾರ್ಮೋನನ್ನು ರಕ್ತದಲ್ಲಿ ನಿಖರವಾಗಿ ಅಳೆಯುವ ವಿಧಾನ ಕೈಗೆ ಬಂದದ್ದು 1960ರ ದಶಕದಲ್ಲಿ. ಅಳೆದು ನೋಡಿದರೆ ಕೊರತೆಯ ಮಾತು ಹಾಗಿರಲಿ, ಹಾರ್ಮೋನು ಮಿತಿಮೀರಿ ಇತ್ತು! 1966ರಲ್ಲಿ ಲಾರಾನ್ ಮತ್ತು ಸಂಗಡಿಗರು ಈ ವಿಚಿತ್ರವನ್ನು ಪ್ರಕಟಿಸಿದರು. ಹಾರ್ಮೋನೇ ಕೆಟ್ಟಿರಬಹುದೆಂಬ ಮೊದಲ ಊಹೆ ನಿಲ್ಲಲಿಲ್ಲ. 1984ರಲ್ಲಿ ರೋಗಿಗಳ ಯಕೃತ್ತಿನ ಚೂರನ್ನು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು: ಹಾರ್ಮೋನು ಅಲ್ಲಿನ ಜೀವಕೋಶಗಳಿಗೆ ಅಂಟಿಕೊಳ್ಳುತ್ತಲೇ ಇರಲಿಲ್ಲ. ಅಂಚೆಯವನು ಕಾಗದ ತಂದಿದ್ದಾನೆ, ಬಾಗಿಲು ತೆಗೆಯುವವರಿಲ್ಲ. ಹಾಗಾಗಿ ಎಲುಬು ಬೆಳೆಸುವ ಐಜಿಎಫ್-1 ಎಂಬ ವಸ್ತು ಯಕೃತ್ತಿನಲ್ಲಿ ತಯಾರಾಗುವುದಿಲ್ಲ. ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್‌ನಲ್ಲೇ ದೋಷವಿದೆ ಎಂಬುದು 1989ರಲ್ಲಿ ಖಚಿತವಾಯಿತು.

ಇದು ತಂದೆ ತಾಯಿ ಇಬ್ಬರಿಂದಲೂ ಬಂದರಷ್ಟೇ ಕಾಣಿಸಿಕೊಳ್ಳುವ ದೋಷ. ಹೆತ್ತವರಲ್ಲಿ ದೋಷವಿರುವ ಜೀನ್‌ನ ಒಂದೊಂದು ಪ್ರತಿ ಅಡಗಿರುತ್ತದೆ. ಅವರಿಗೆ ಏನೂ ತೊಂದರೆಯಿಲ್ಲ. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧದ ಮದುವೆಗಳಲ್ಲಿ ಇಬ್ಬರೂ ಅದೇ ದೋಷ ಹೊತ್ತಿರುವ ಸಾಧ್ಯತೆ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ನಮ್ಮ ನಾಡೂ ನೆನಪಿಡಬೇಕಾದ ಮಾತಿದು.

ಈಕ್ವೆಡಾರ್ ದೇಶದ ಲೋಹಾ ಪ್ರಾಂತ್ಯದ ಗುಡ್ಡಗಾಡಿನಲ್ಲಿ ಇಂಥವರ ದೊಡ್ಡ ಸಮುದಾಯವೇ ಇದೆ. ವೈದ್ಯ ಹೈಮೆ ಗೆವಾರಾ ಅಗಿರೆ ದಶಕಗಳ ಕಾಲ ಅವರ ಜೊತೆ ಓಡಾಡಿದರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ಜನರಲ್ಲಿ ಸಕ್ಕರೆ ಕಾಯಿಲೆ ಒಬ್ಬರಿಗೂ ಇರಲಿಲ್ಲ, ಕ್ಯಾನ್ಸರ್ ತೀರಾ ಅಪರೂಪ. ಕುಳ್ಳರೆಂದು ಜಗತ್ತು ಕಡೆಗಣಿಸಿದವರಿಂದಲೇ ವೈದ್ಯವಿಜ್ಞಾನ ಪಾಠ ಕಲಿಯುತ್ತಿದೆ.

ಈ ಮಕ್ಕಳಿಗೆ ಬೆಳವಣಿಗೆಯ ಹಾರ್ಮೋನು ಚುಚ್ಚಿ ಪ್ರಯೋಜನವಿಲ್ಲ. ಐಜಿಎಫ್-1ನ್ನೇ ನೇರವಾಗಿ ಕೊಡಬೇಕು. ಅಂಥ ಔಷಧಿಗೆ 2005ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಆದರೆ ಹರೆಯ ದಾಟಿ ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಎತ್ತರ ಹೆಚ್ಚದು. ಆದ್ದರಿಂದ ಮಗುವಿನ ಎತ್ತರವನ್ನು ಆಗಾಗ ಅಳೆದು ಬರೆದಿಡಿ. ಬೆಳವಣಿಗೆ ಕುಂಠಿತವೆನಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಸೊಸೆಯ ಕಡೆಯಿಂದ ಬಂದದ್ದು ಎಂದು ಮಾತ್ರ ದೂರಬೇಡಿ. ಇದರಲ್ಲಿ ಇಬ್ಬರದೂ ಸಮಪಾಲು, ತಪ್ಪು ಯಾರದೂ ಅಲ್ಲ.