ದುಡಿಯುವವನ ಬಾಳೂ ಬರೆಯತಕ್ಕದ್ದೇ
(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ದೊರೆಗಳ ಚರಿತ್ರೆ ಬರೆಯಲು ಆಸ್ಥಾನಕವಿಗಳಿದ್ದರು. ಮಾಲೀಕರ ಚರಿತ್ರೆ ಬರೆಯಲು ಸಂಬಳದ ಲೇಖಕರಿದ್ದಾರೆ. ಮಗ್ಗದ ಮುಂದೆ ನಿಂತವನ, ತಕ್ಕಡಿ ಹಿಡಿದು ಕೂತವನ ಬಾಳನ್ನು ಬರೆಯುವವರು ಯಾರು? ನಾವೇ ಬರೆಯಬೇಕು. ಇಂದು ನಾವು ಹೇಳಬಂದಿರುವುದು ಇಷ್ಟೇ. ಇದಕ್ಕೆ ಆಧಾರವಾಗಿ ಅಮೆರಿಕದ ಪತ್ರಕರ್ತರೊಬ್ಬರ ಕೆಲಸವನ್ನು ನಿಮ್ಮ ಮುಂದಿಡುತ್ತೇವೆ.

ಅವರ ಹೆಸರು ವಿಲಿಯಂ ಜಿನ್ಸರ್. 1922ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. ಮನೆತನದ್ದು ಅರಗಿನ ವ್ಯಾಪಾರ. 1849ರಲ್ಲಿ ಹಿರಿಯರು ಕಟ್ಟಿದ ಕಂಪನಿ. ಮರದ ಸಾಮಾನಿಗೆ ಹೊಳಪು ಕೊಡುವ ಅರಗಿಗೆ ನಮ್ಮ ದೇಶದ ಕಾಡುಗಳೇ ದೊಡ್ಡ ಆಕರವೆಂಬುದು ನಿಮಗೆ ತಿಳಿದದ್ದೇ. ಜಿನ್ಸರ್ ಮಾತ್ರ ತಂದೆಯ ಗಾದಿಯ ಮೇಲೆ ಕೂರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದು ಮರಳಿ ಬಂದು, 1946ರಲ್ಲಿ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆ ಸೇರಿದರು. ಅಲ್ಲಿ 13 ವರ್ಷ ದುಡಿದರು. 1970ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸಿದರು. 1976ರಲ್ಲಿ ಹೊರಬಂದ ಅವರ ‘ಆನ್ ರೈಟಿಂಗ್ ವೆಲ್’ ಪುಸ್ತಕ ಹತ್ತು ಲಕ್ಷಕ್ಕೂ ಮಿಗಿಲಾಗಿ ಖರ್ಚಾಯಿತು. ಅದರ ತಿರುಳು ಸರಳ: ಹೊಟ್ಟು ತೂರಿರಿ, ಕಾಳು ಉಳಿಸಿರಿ.

ನಮಗೆ ಮುಖ್ಯವಾದದ್ದು ಅದರ ಮುಂದಿನ ಮಾತು. 1990ರ ದಶಕದಲ್ಲಿ ಅವರು ನ್ಯೂಯಾರ್ಕಿನ ನ್ಯೂ ಸ್ಕೂಲಿನಲ್ಲಿ ವಯಸ್ಕರಿಗೆ ತಮ್ಮ ಬಾಳಿನ ಕಥೆ ಬರೆಯುವುದನ್ನು ಕಲಿಸತೊಡಗಿದರು. ‘ನನ್ನ ಬಾಳಿನಲ್ಲಿ ಬರೆಯುವಂಥದ್ದೇನಿದೆ?’ ಎಂಬ ಅಳುಕು ಅಲ್ಲಿಯವರಿಗೂ ಇತ್ತು. ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲವೆಂದು ಧೈರ್ಯ ತುಂಬುವುದೇ ಜಿನ್ಸರರ ಮೊದಲ ಪಾಠವಾಗಿತ್ತು. ಅವರು ಸ್ವಂತ ತಂದೆಯ ಉದಾಹರಣೆಯನ್ನೇ ಕೊಡುತ್ತಿದ್ದರು. ಆ ವ್ಯಾಪಾರಿ ಮುದುಕರು ಸಾಹಿತಿಯಲ್ಲ. ಪೆನ್ಸಿಲ್ ಹಿಡಿದು ಮನೆತನದ ಕಥೆಯನ್ನೂ ಅಂಗಡಿಯ ಕಥೆಯನ್ನೂ ಬರೆದರು. ಪ್ರತಿ ತೆಗೆಸಿ, ಇನ್ನೂ ಅಕ್ಷರ ಬಾರದ ಮೊಮ್ಮಕ್ಕಳಿಗೂ ಒಂದೊಂದು ಕೊಟ್ಟರು. ಪ್ರಕಾಶಕರ ಬಾಗಿಲಿಗೆ ಹೋಗಲಿಲ್ಲ.

ಬರೆಯುವ ಬಗೆಯೂ ಕಷ್ಟದ್ದಲ್ಲ. ಇಡೀ ಬಾಳನ್ನು ಹೊತ್ತುಕೊಂಡು ಕೂರಬೇಡಿ. ಇಂದಿಗೂ ಕಣ್ಣಿಗೆ ಕಟ್ಟುವ ಒಂದು ಸಣ್ಣ ಸಂಗತಿಯನ್ನು ಇಂದು ಬರೆದಿಡಿ. ನಾಳೆ ಇನ್ನೊಂದು, ನಿನ್ನೆಯದರ ಮುಂದುವರಿಕೆಯೇ ಆಗಬೇಕೆಂದಿಲ್ಲ. ಎರಡು ಮೂರು ತಿಂಗಳಾದ ಮೇಲೆ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ ಓದಿ. ಕಥೆ ಯಾವುದೆಂದು ಅವೇ ಹೇಳುತ್ತವೆ.

ಒಂದು ತಕರಾರು ಏಳಬಹುದು. ಹಳೆಯ ಸೇಡು ತೀರಿಸಲು ಇಂಥ ಬರಹವನ್ನು ಬಳಸಬಾರದೆಂದು ಜಿನ್ಸರ್ ಹೇಳುತ್ತಿದ್ದರು. ಹಾಗಾದರೆ ಸಂಬಳ ಕಡಿದದ್ದನ್ನು, ಬಾಗಿಲು ಮುಚ್ಚಿದ್ದನ್ನು ಬರೆಯಬಾರದೇ? ಬರೆಯಲೇಬೇಕು ಎನ್ನುತ್ತೇವೆ. ಗೋಳಾಡುವುದು ಬೇರೆ, ಸಾಕ್ಷಿ ನುಡಿಯುವುದು ಬೇರೆ. ಯಾವ ದಿನ, ಯಾವ ಪಾಳಿ, ಎಷ್ಟು ರೂಪಾಯಿ, ಆ ರಾತ್ರಿ ಒಲೆಯ ಮೇಲೆ ಏನಿತ್ತು, ಇಷ್ಟನ್ನು ನೆಟ್ಟಗೆ ಬರೆದರೆ ಬೈಗುಳ ಬೇಕಾಗುವುದಿಲ್ಲ. ಕೂಲಿ ಪುಸ್ತಕ ಗೆದ್ದಲು ತಿಂದ ಮೇಲೂ ಆ ಹಾಳೆ ಮಾತಾಡುತ್ತದೆ.

ಕಡೆಗಾಲದಲ್ಲಿ ಜಿನ್ಸರರ ಕಣ್ಣು ಹೋಯಿತು. ಆಗಲೂ ಮನೆಗೆ ಬಂದವರಿಂದ ಅವರ ಬರಹವನ್ನು ಓದಿಸಿ ಕೇಳಿ ತಿದ್ದುತ್ತಿದ್ದರು. 2015ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಮಾತಿನಲ್ಲಿ ನಮಗೊಂದು ದಾರಿಯಿದೆ. ಬರೆಯಲು ಬಾರದ ಹಿರಿಯರು ಹೇಳಲಿ, ಶಾಲೆಗೆ ಹೋಗುವ ಮಕ್ಕಳು ಬರೆದುಕೊಳ್ಳಲಿ. ಅವ್ವನನ್ನು, ಅಪ್ಪನನ್ನು ಇಂದೇ ಕೇಳಿರಿ: ಊರು ಬಿಟ್ಟು ಬಂದದ್ದು ಯಾವಾಗ? ಮೊದಲ ಪಗಾರ ಎಷ್ಟು? ಅಂಗಡಿಯ ಮೊದಲ ಸಾಲ ಕೊಟ್ಟವರು ಯಾರು? ಅವರು ಹೋದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವವರಿಲ್ಲ. ಎರಡು ಆಣೆಯ ಲೆಕ್ಕವನ್ನೂ ಬಿಡದೆ ಬರೆದಿಟ್ಟವರು ನೀವು. ಬಾಳಿನ ಲೆಕ್ಕವನ್ನು ಬರೆಯದೆ ಬಿಡಬೇಡಿ.